ಇಂದ, ಗೆ ಮತ್ತು ಎರಡು ಅಡ್ಡಗೆರೆ

ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ನಾಲ್ಕು ದಾರಿ ಸೇರುತ್ತವೆ: ಸಾಗರದ್ದು, ಹೊಸನಗರದ್ದು, ತೀರ್ಥಹಳ್ಳಿಯದು, ಶಿವಮೊಗ್ಗದ್ದು. ಅಲ್ಲಿ ಬಸ್ಸು ಹತ್ತಿದವರು ಟಿಕೆಟ್ ಕೇಳುವುದನ್ನು ಒಮ್ಮೆ ಕಿವಿಗೊಟ್ಟು ಕೇಳಿ. 'ತೀರ್ಥಹಳ್ಳಿಗೆ ಎರಡು, ಒಂದು ಅರ್ಧ' ಎನ್ನುತ್ತಾರೆ ಒಬ್ಬರು. 'ಎರಡು ಕೊಡಿ, ಅರ್ಧ ಒಂದು, ತೀರ್ಥಹಳ್ಳಿಗೆ' ಎನ್ನುತ್ತಾರೆ ಇನ್ನೊಬ್ಬರು. ಸಾಗರದಲ್ಲೇ ಹತ್ತಿ ಕಣ್ಣು ಹತ್ತಿಹೋಗಿದ್ದ ಅಜ್ಜಿಗೆ ಈಗ ಎಚ್ಚರವಾಗಿದೆ: 'ಮಾಣಿದು ಅರ್ಧ, ನಂದೊಂದು, ತೀರ್ಥಹಳ್ಳಿಗೆ ಮಾರಾಯಾ, ಸಾಗರದಿಂದ.' ಸಾಲಾಗಿ, ಕ್ರಮವಾಗಿ ಹೇಳಿ ಎಂದು ಕಂಡಕ್ಟರ್ ಯಾರನ್ನೂ ಗದರುವುದಿಲ್ಲ. ಟಿಕೆಟ್ ಸರಿಯಾಗಿಯೇ ಹರಿಯುತ್ತದೆ.

ಇದರಲ್ಲಿ ಕಂಡಕ್ಟರ್ ಜಾಣತನ ಅರ್ಧ, ಕನ್ನಡದ ಉಪಕಾರ ಅರ್ಧ. 'ಸಾಗರದಿಂದ' ಎಂಬ ಪದದ ಬಾಲದಲ್ಲೇ 'ಇಂದ' ಇದೆ, 'ತೀರ್ಥಹಳ್ಳಿಗೆ' ಎಂಬುದರ ಬಾಲದಲ್ಲಿ 'ಗೆ' ಇದೆ. ಪದ ತಾನು ಯಾವ ಕೆಲಸಕ್ಕೆ ಬಂದಿದ್ದೇನೆ ಎಂಬುದನ್ನು ತಾನೇ ಹೊತ್ತು ತಿರುಗುತ್ತದೆ. ಹಾಗಾಗಿ ಅದನ್ನು ವಾಕ್ಯದ ಎಲ್ಲಿ ಕೂರಿಸಿದರೂ ನಡೆಯುತ್ತದೆ. ಇವನ್ನೇ ನಾವು ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಎಂದು ಉರುಹೊಡೆದದ್ದು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕೂತು ವಿಂಗಡಿಸಿದ್ದೂ ಇವನ್ನೇ.

ಬಾಲ ಕತ್ತರಿಸಿ ನೋಡಿ. 'ಸಾಗರ ತೀರ್ಥಹಳ್ಳಿ ಒಂದು.' ಈಗ ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ? ಮೊದಲು ಹೇಳಿದ್ದು ಹತ್ತಿದ ಊರು ಎಂದು ಕಂಡಕ್ಟರ್ ಹಿಡಿಯುತ್ತಾರೆ, ಅಷ್ಟೆ. ಅದು ಒಪ್ಪಂದ. ಪದದಲ್ಲಿ ಸುಳಿವಿಲ್ಲ, ಸುಳಿವಿರುವುದು ಜಾಗದಲ್ಲಿ.

ಕಂಪ್ಯೂಟರಿಗೆ ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಕೆಲಸ ಹೇಳುವವರ ಲೋಕದಲ್ಲಿ ಈ ಎರಡೂ ಪದ್ಧತಿ ಇವೆ. ಎರಡೂ ಎಡವುತ್ತವೆ. ಎಡವುವ ಜಾಗಗಳಲ್ಲಿ ಒಂದು ನೇರವಾಗಿ ರಿಪ್ಪನ್‌ಪೇಟೆ ಎಂಬ ಹೆಸರಿನೊಳಗೇ ಇದೆ. ಆ ಹೆಸರನ್ನು ಒಂದು ಪ್ರೋಗ್ರಾಮಿಗೆ ಕೊಟ್ಟಾಗ 'ಇಂಥ ಊರಿಲ್ಲ' ಎಂದು ಅದು ನನಗೆ ಉತ್ತರ ಕೊಟ್ಟಿತ್ತು. ಅದರ ಊರುಗಳ ಪಟ್ಟಿಯಲ್ಲಿ ಈ ಊರು ಕಣ್ಣಿಗೆ ಕಾಣುತ್ತಿತ್ತು, ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಆ ಒಗಟಿಗೆ ಕೊನೆಯಲ್ಲಿ ಬರುತ್ತೇನೆ.

ಸಾಲನ್ನು ಒಡೆಯುವವರು ಯಾರು?

ಅಡಿಕೆ ಚೀಲದ ಲೆಕ್ಕ ಇಡಲು ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದೇವೆ ಎಂದುಕೊಳ್ಳಿ. ಹೆಸರು 'ಲೆಕ್ಕ'. ಅದನ್ನು ಹೀಗೆ ಕರೆಯುತ್ತೇವೆ:

ಲೆಕ್ಕ --ನಮೂನೆ ರಾಶಿ --ತೂಕ 65 --ಊರು ರಿಪ್ಪನ್‌ಪೇಟೆ ಚೀಟಿ

ನಮೂನೆ ರಾಶಿ, ಅಂದರೆ ಬೆಟ್ಟೆಯೂ ಅಲ್ಲ ಗೊರಬಲೂ ಅಲ್ಲ. ತೂಕ 65 ಕೆ.ಜಿ. ಕೊನೆಯ 'ಚೀಟಿ' ಲೆಕ್ಕ ಬರೆದಿಡಬೇಕಾದ ಕಡತದ ಹೆಸರು. ಅಡ್ಡಗೆರೆ ಹೊತ್ತ ಪದಗಳನ್ನು ಇಂಗ್ಲಿಷಿನವರು ಆಪ್ಷನ್ ಎನ್ನುತ್ತಾರೆ, ನಾವು 'ಗುರುತು' ಎನ್ನೋಣ. ಗುರುತಿನ ಬೆನ್ನಿಗೆ ಬರುವುದು ಅದರ 'ವಿವರ'. ನಮ್ಮ ಪ್ರತ್ಯಯ ಪದದ ಹಿಂದೆ ಅಂಟುತ್ತದೆ, ಇದು ಪದದ ಮುಂದೆ ನಿಲ್ಲುತ್ತದೆ. ಕೆಲಸ ಒಂದೇ. 'ಚೀಟಿ'ಗೆ ಮಾತ್ರ ಗುರುತಿಲ್ಲ. ಅದು ಬಾಲ ಕತ್ತರಿಸಿದ 'ಸಾಗರ ತೀರ್ಥಹಳ್ಳಿ'ಯ ಜಾತಿಯದು.

ಈ ಸಾಲು ಇಡಿಯಾಗಿ ಪ್ರೋಗ್ರಾಮಿಗೆ ತಲುಪುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ನಡುವೆ ಶೆಲ್ ಎಂಬ ಮಧ್ಯಸ್ಥ ಕೂತಿದ್ದಾನೆ. ಖಾಲಿಜಾಗ ಕಂಡಲ್ಲೆಲ್ಲ ಆತ ಸಾಲನ್ನು ಮುರಿಯುತ್ತಾನೆ. ಆಮೇಲೆ ಎರಡು ಸಂಗತಿ ದಾಟಿಸುತ್ತಾನೆ: ತುಂಡುಗಳು ಎಷ್ಟು ಎಂಬ ಎಣಿಕೆ, ಮತ್ತು ತುಂಡುಗಳ ಸಾಲು. ಸಿ ಬರೆಯುವವರು ಇವಕ್ಕೆ ಆರ್ಗ್‌ಸಿ, ಆರ್ಗ್‌ವಿ ಎನ್ನುತ್ತಾರೆ. ಮೇಲಿನ ಸಾಲಿನಲ್ಲಿ ಎಣಿಕೆ 8, ಏಕೆಂದರೆ 'ಲೆಕ್ಕ' ಎಂಬ ಸ್ವಂತ ಹೆಸರೂ ಸೊನ್ನೆಯ ಜಾಗದಲ್ಲಿ ಕೂತಿರುತ್ತದೆ. ಕಡತದ ಹೆಸರು 'ಹಳೆ ಚೀಟಿ' ಎಂದಿದ್ದು ಉದ್ಧರಣ ಚಿಹ್ನೆ ಹಾಕುವುದು ಮರೆತರೆ ಎಣಿಕೆ 9 ಆಗುತ್ತದೆ, ಹಳೆ ಬೇರೆ, ಚೀಟಿ ಬೇರೆ. ಪ್ರೋಗ್ರಾಮ್ ಬರೆದವರು ಎಷ್ಟೇ ಚತುರರಾಗಿರಲಿ, ಒಡೆದು ಬಂದದ್ದನ್ನು ಅವರು ಮತ್ತೆ ಜೋಡಿಸಲಾರರು.

ಮಧ್ಯಸ್ಥನದು ಇನ್ನೊಂದು ಚಾಳಿ. ನಕ್ಷತ್ರದ ಚಿಹ್ನೆ ಬರೆದರೆ ಆ ಜಾಗಕ್ಕೆ ನಾವಿರುವ ಕಪಾಟಿನಲ್ಲಿ, ಅಂದರೆ ಡೈರೆಕ್ಟರಿಯಲ್ಲಿ, ಇರುವ ಎಲ್ಲ ಕಡತಗಳ ಹೆಸರನ್ನೂ ತಂದು ಸುರಿಯುತ್ತಾನೆ. ಯಾರೋ ತಮಾಷೆಗೆ ಒಂದು ಕಡತಕ್ಕೆ ಅಡ್ಡಗೆರೆಯಿಂದ ಶುರುವಾಗುವ ಹೆಸರಿಟ್ಟಿದ್ದರೆ? ಪ್ರೋಗ್ರಾಮಿಗೆ ಅದು ಕಡತ ಎಂದು ತಿಳಿಯುವ ದಾರಿಯೇ ಇಲ್ಲ, ಗುರುತು ಎಂದೇ ಓದಿಕೊಳ್ಳುತ್ತದೆ. ಅಳಿಸುವ ಆಜ್ಞೆಯ ಜೊತೆ ಇದು ನಡೆದರೆ ತಮಾಷೆ ಉಳಿಯುವುದಿಲ್ಲ. ಮದ್ದು ಬಹಳ ಹಳೆಯದು: ಬರೀ ಎರಡು ಅಡ್ಡಗೆರೆ, ಅದಕ್ಕೆ ಅಂಟಿದ ಪದವಿಲ್ಲ. ಪತ್ರದ ಕೊನೆಗೆ 'ಇತಿ' ಹಾಕುತ್ತಿದ್ದರಲ್ಲ, ಹಾಗೆ. ಗುರುತುಗಳು ಇಲ್ಲಿಗೆ ಮುಗಿದವು, ಇನ್ನು ಬರುವುದೆಲ್ಲ ಬರೀ ಹೆಸರು.

ಬೆರಳಿಟ್ಟು ಓದುವ ಕೆಲಸ

ಒಡೆದ ತುಂಡುಗಳಲ್ಲಿ ಯಾವುದು ಯಾರಿಗೆ ಸೇರಿದ್ದು ಎಂದು ಬಿಡಿಸುವುದೇ ಮುಂದಿನ ಹೆಜ್ಜೆ. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮೊದಲ ವರ್ಷಗಳಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ಕಟ್ಟುತ್ತಿದ್ದ 1970ರ ದಶಕದಲ್ಲಿ, ಈ ಕೆಲಸವನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ಮಾಡುತ್ತಿದ್ದರು. ಒಬ್ಬರ ಪ್ರೋಗ್ರಾಮಿಗೆ ಅಡ್ಡಗೆರೆ ಬೇಕು, ಇನ್ನೊಬ್ಬರದಕ್ಕೆ ಬೇಡ. ಕಡತಗಳನ್ನು ಗಂಟು ಕಟ್ಟುವ 'ಟಾರ್' ಇವತ್ತಿಗೂ ಅಡ್ಡಗೆರೆಯಿಲ್ಲದ ಅಕ್ಷರಗಳನ್ನು ಒಪ್ಪುತ್ತದೆ, ಅದು ಆ ಕಾಲದ ಪಳೆಯುಳಿಕೆ. ಎಲ್ಲರೂ ಬಳಸಬಹುದಾದ ಒಂದು ಬಿಡಿಸುವ ಯಂತ್ರವನ್ನು ಎಟಿ ಅಂಡ್ ಟಿ ಕಂಪನಿ 1985ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಯೂನಿಫೋರಂ ಸಮ್ಮೇಳನದಲ್ಲಿ ಸಾರ್ವಜನಿಕರ ಕೈಗಿತ್ತಿತು. ಹೆಸರು ಗೆಟ್‌ಆಪ್ಟ್.

ಗೆಟ್‌ಆಪ್ಟ್ ಮಾಡುವುದು ಒಂದನೇ ತರಗತಿಯ ಹುಡುಗ ಬೆರಳಿಟ್ಟು ಓದುವ ಕೆಲಸವನ್ನೇ. ಬೆರಳು ಒಂದನೇ ತುಂಡಿನ ಮೇಲೆ. ಅಡ್ಡಗೆರೆ ಇದೆಯೇ? ಇದ್ದರೆ, ಈ ಗುರುತು ನಮ್ಮ ಪಟ್ಟಿಯಲ್ಲಿದೆಯೇ? ಇದ್ದರೆ, ಇದು ಒಂಟಿ ಗುರುತೋ, ಬೆನ್ನಿಗೆ ವಿವರ ಕೇಳುವ ಗುರುತೋ? ಪ್ರೋಗ್ರಾಮ್ ಬರೆದವರು ಮೊದಲೇ ಕೊಟ್ಟ ಪಟ್ಟಿಯಲ್ಲಿ ವಿವರ ಬೇಡುವ ಅಕ್ಷರದ ಬೆನ್ನಿಗೆ ಒಂದು ವಿವರಣ ಚಿಹ್ನೆ, ಎರಡು ಚುಕ್ಕಿ, ಇಟ್ಟಿರುತ್ತಾರೆ. ಚುಕ್ಕಿಗಳಿದ್ದರೆ ಮುಂದಿನ ತುಂಡನ್ನೂ ಎತ್ತಿಕೊಂಡು ಬೆರಳನ್ನು ಎರಡು ಹೆಜ್ಜೆ ಸರಿಸು, ಇಲ್ಲದಿದ್ದರೆ ಒಂದು ಹೆಜ್ಜೆ. ಸಾಲು ಮುಗಿದಾಗ 'ಮೈನಸ್ ಒಂದು' ಎಂದು ಕೈಯೆತ್ತು. ಬಿಡಿಸುವ ವಿದ್ಯೆ ಇಷ್ಟೇ.

ಮೊದಲಿನ ಗೆಟ್‌ಆಪ್ಟ್‌ಗೆ ಒಂದೇ ಅಕ್ಷರದ ಗುರುತು ಮಾತ್ರ ಗೊತ್ತಿತ್ತು. ಒಂದು ಅಡ್ಡಗೆರೆಯ ಹಿಂದೆ ಮೂರು ಅಕ್ಷರ ಕಂಡರೆ ಅದು ಮೂರು ಗುರುತುಗಳ ಗೊಂಚಲು. ಹಾಗಾದರೆ ಇಡೀ ಪದವನ್ನೇ ಗುರುತಾಗಿಸುವುದು ಹೇಗೆ? ಗ್ನೂ ಎಂಬ ಮುಕ್ತ ತಂತ್ರಾಂಶ ಬಳಗದವರು ಎರಡನೇ ಅಡ್ಡಗೆರೆ ಸೇರಿಸಿದ್ದು ಅದಕ್ಕೇ. ಎರಡು ಗೆರೆ ಕಂಡರೆ ಗೊಂಚಲಲ್ಲ, ಒಂದೇ ಪದ. ಅವರ ಯಂತ್ರ ಇನ್ನೊಂದು ಸೌಜನ್ಯವನ್ನೂ ತೋರುತ್ತದೆ: ಗುರುತಿಲ್ಲದ 'ಚೀಟಿ'ಯನ್ನು ನೀವು ಸಾಲಿನ ನಡುವೆ ಬರೆದರೂ ಅದನ್ನು ಪಂಕ್ತಿಯ ಕೊನೆಗೆ ಕಳಿಸಿ, ಗುರುತುಗಳನ್ನೆಲ್ಲ ಮುಂದೆ ಕೂರಿಸಿಕೊಳ್ಳುತ್ತದೆ.

ಕನ್ನಡಿಗರಿಗೆ ಈ ಎರಡನೇ ಗೆರೆಯ ಬೆಲೆ ಗೊತ್ತಾಗಬೇಕಾದರೆ ಒಂದು ಪ್ರಯೋಗ ಮಾಡಬೇಕು. ಒಂಟಿ ಗೆರೆಯ ಹಿಂದೆ 'ಅ' ಬರೆಯಿರಿ. ನಮಗೆ ಅದು ಒಂದಕ್ಷರ. ಆದರೆ ಯುಟಿಎಫ್-8 ಎಂಬ ಇಂದಿನ ಬರವಣಿಗೆಯ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. 'ಅ' ಎಂದರೆ 224, 178, 133. ಗೆಟ್‌ಆಪ್ಟ್‌ಗೆ ಒಂದು ಬೈಟ್ ಎಂದರೆ ಒಂದಕ್ಷರ. ಹೀಗಾಗಿ ಅದು ಅಕಾರವನ್ನು ಮೂರು ತುಂಡು ಮಾಡಿ, ಮೂರನ್ನೂ ಬೇರೆ ಬೇರೆ ಗುರುತೆಂದು ಓದಿ, ಮೂರು ಸಲ 'ಇಂಥ ಗುರುತಿಲ್ಲ' ಎಂದು ದೂರುತ್ತದೆ. ಎರಡು ಗೆರೆಯ '--ಅಡಿಕೆ' ಮಾತ್ರ ಸಲೀಸಾಗಿ ನಡೆಯುತ್ತದೆ. ಅಲ್ಲಿ ಅಕ್ಷರ ಬಿಡಿಸುವ ಗೋಜಿಲ್ಲ, ಬೈಟುಗಳ ಎರಡು ಸರಗಳನ್ನು ಪಕ್ಕಪಕ್ಕ ಇಟ್ಟು ಮಣಿಗೆ ಮಣಿ ಹೋಲಿಸುವುದಷ್ಟೇ. ಯಂತ್ರಕ್ಕೆ ಕನ್ನಡ ಬಾರದಿದ್ದರೂ ಕನ್ನಡದ ಗುರುತು ಕೆಲಸ ಮಾಡುತ್ತದೆ. ಈ ಮಣಿ ಹೋಲಿಸುವ ಮಾತನ್ನು ನೆನಪಿಟ್ಟುಕೊಳ್ಳಿ.

ಸದ್ದಿಲ್ಲದೆ ತಪ್ಪುವುದು

ಬೆರಳಿಟ್ಟು ಓದುವವನಿಗೆ ಅರ್ಥ ಬೇಕಿಲ್ಲ, ಅದೇ ಅವನ ಬಲ, ಅದೇ ಕುತ್ತು. ತೂಕ ಬರೆಯುವುದು ಮರೆತು ಹೀಗೆ ಕಳಿಸಿದೆವು ಎನ್ನಿ:

ಲೆಕ್ಕ --ತೂಕ --ನಮೂನೆ ರಾಶಿ

ತೂಕಕ್ಕೆ ವಿವರ ಬೇಕು. ಮುಂದಿನ ತುಂಡು ಯಾವುದು? '--ನಮೂನೆ'. ಯಂತ್ರ ಅದನ್ನೇ ತೂಕವೆಂದು ಎತ್ತಿಕೊಳ್ಳುತ್ತದೆ. ಅದರ ತಲೆಯ ಮೇಲೆ ಎರಡು ಗೆರೆ ಇರುವುದನ್ನು ನೋಡುವುದೇ ಇಲ್ಲ. ಗುರುತು ಕಳೆದುಕೊಂಡ 'ರಾಶಿ' ಕಡತದ ಹೆಸರಾಗಿ ಕೊನೆಗೆ ಹೋಗಿ ಕೂರುತ್ತದೆ. ಈಗ '--ನಮೂನೆ' ಎಂಬ ತೂಕವನ್ನು ಅಂಕಿ ಮಾಡಬೇಕು. ಸಿ ಭಾಷೆಯ ಹಳೆಯ ಸಲಕರಣೆ 'ಎಟುಐ' ಅದನ್ನು ನೋಡಿ, ಅಂಕಿ ಸಿಗದೆ, 0 ಎಂದು ಉತ್ತರ ಕೊಡುತ್ತದೆ. ದೂರಿಲ್ಲ, ದುಮ್ಮಾನವಿಲ್ಲ. 'ರಾಶಿ' ಎಂಬ ಕಡತದಲ್ಲಿ ಸೊನ್ನೆ ಕೆ.ಜಿ. ಅಡಿಕೆ ಜಮೆಯಾಗುತ್ತದೆ.

ತೂಕವನ್ನು ಕನ್ನಡ ಅಂಕಿಯಲ್ಲಿ ೬೫ ಎಂದು ಬರೆದರೂ ಅಷ್ಟೇ, ಸೊನ್ನೆ. '65ಕೆಜಿ' ಎಂದರೆ 65 ಸಿಗುತ್ತದೆ, ಬಾಲವನ್ನು ಅದು ಗಮನಿಸುವುದಿಲ್ಲ. ಇದಕ್ಕಿಂತ ಹುಷಾರಾದ 'ಸ್ಟ್ರ್‌ಟೋಲ್' ಎಂಬ ಸಲಕರಣೆ ಇದೆ. ಅದು ಅಂಕಿಯ ಜೊತೆಗೆ 'ನಾನು ಎಲ್ಲಿವರೆಗೆ ಓದಿದೆ' ಎಂಬುದನ್ನೂ ಹೇಳುತ್ತದೆ. ಕೊನೆವರೆಗೆ ಓದಿಲ್ಲವೆಂದರೆ ನಾವು ಚೀಟಿ ವಾಪಸು ಮಾಡಬಹುದು. ಅದಕ್ಕೂ ಒಂದು ವಕ್ರಬುದ್ಧಿ ಇದೆ. ಯಾವ ಬುಡದಲ್ಲಿ ಎಣಿಸಬೇಕು ಎಂಬುದನ್ನು ಅದರ ಮರ್ಜಿಗೇ ಬಿಟ್ಟರೆ, 065 ಎಂದು ಬರೆದದ್ದನ್ನು ಎಂಟರ ಬುಡದ ಎಣಿಕೆಯೆಂದು ತಿಳಿದು 53 ಎನ್ನುತ್ತದೆ. ಚೀಟಿಯಲ್ಲಿ ಅಂಕಣ ಸಮನಾಗಿ ಕಾಣಲಿ ಎಂದು ಮುಂದೆ ಸೊನ್ನೆ ಬರೆಯುವ ಅಭ್ಯಾಸವಿರುವವರಿಗೆ ಚೀಲಕ್ಕೆ 12 ಕೆ.ಜಿ. ಲುಕ್ಸಾನು.

ರೂಢಿ ಬರೆದಿಟ್ಟ ಕಡತ

ದಿನವೂ ಬರುವ ಗಿರಾಕಿ ಹೋಟೆಲಿನಲ್ಲಿ ಬಾಯಿ ಬಿಡಬೇಕಾಗಿಲ್ಲ. ಭಟ್ಟರು ಕೂತರೆಂದರೆ ಸಕ್ಕರೆ ಹಾಕದ ಕಾಫಿ ಬರುತ್ತದೆ. 'ಇವತ್ತು ಒಂಚೂರು ಹಾಕು ಮಾರಾಯ' ಎಂದರೆ ಇವತ್ತಿನ ಮಟ್ಟಿಗೆ ರೂಢಿ ಬದಿಗೆ ಸರಿಯುತ್ತದೆ. ನಾಳೆ ಮತ್ತೆ ಸಕ್ಕರೆ ಇಲ್ಲ. ಪ್ರೋಗ್ರಾಮುಗಳಿಗೆ ಇಂಥ ರೂಢಿಯನ್ನು ಬರೆದಿಡುವ ಕಡತವೇ ಕಾನ್ಫಿಗರೇಶನ್ ಫೈಲ್. 'ರೂಢಿಕಡತ' ಎಂದು ಕರೆದರೆ ನಾಲಗೆಗೆ ಹಗುರ. ಸಾಲಿಗೊಂದರಂತೆ 'ನಮೂನೆ = ರಾಶಿ', 'ಊರು = ರಿಪ್ಪನ್‌ಪೇಟೆ' ಎಂದು ಬರೆದಿಟ್ಟರೆ ಸರಿ.

ಹೇಳಿದ್ದು, ಬರೆದಿಟ್ಟದ್ದು, ಪ್ರೋಗ್ರಾಮಿನೊಳಗೇ ಇದ್ದ ಮಾಮೂಲಿ, ಈ ಮೂರರಲ್ಲಿ ಗೆಲ್ಲುವುದು ಯಾವುದು? ಇದಕ್ಕೆ ನ್ಯಾಯಾಧೀಶರು ಬೇಕಿಲ್ಲ. ಸಿ ಪ್ರೋಗ್ರಾಮಿನಲ್ಲಿ 'ನಮೂನೆ' ಎಂಬುದು ಒಂದೇ ಒಂದು ಸ್ಲೇಟು. ಮೊದಲು ಅದರ ಮೇಲೆ ಮಾಮೂಲಿ ಬರೆ. ಊರಿಗೆಲ್ಲ ಸಾಮಾನ್ಯವಾದ ರೂಢಿಕಡತ ಇದ್ದರೆ ಓದಿ ಅದರ ಮೇಲೆ ಬರೆ. ಬಳಕೆದಾರರ ಸ್ವಂತ ಕಡತ ಇದ್ದರೆ ಅದರ ಮೇಲೆ. ಕೊನೆಗೆ ಆಜ್ಞೆಯ ಸಾಲು. ಕಟ್ಟಕಡೆಗೆ ಬರೆದದ್ದು ಉಳಿಯುತ್ತದೆ. ಹಿರಿತನದ ನಿಯಮವೆಂದು ಕೈಪಿಡಿಗಳಲ್ಲಿ ಪುಟಗಟ್ಟಲೆ ವಿವರಿಸುವುದು ನಿಜಕ್ಕೂ ಈ ಅಳಿಸಿ ಬರೆಯುವ ಸರದಿಯನ್ನೇ. ತೊಡಕು ಒಂದೇ: 'ಇವತ್ತು ಬೇರೆ ರೂಢಿಕಡತ ಓದು' ಎಂಬ ಗುರುತು ಆಜ್ಞೆಯ ಸಾಲಿನಲ್ಲೇ ಇರಬಹುದು. ಕೊನೆಗೆ ಓದಬೇಕಾದ ಸಾಲನ್ನು ಮೊದಲೇ ಓದಬೇಕಾಯಿತಲ್ಲ! ಹೀಗಾಗಿ ಅನೇಕ ಪ್ರೋಗ್ರಾಮುಗಳು ಸಾಲಿನ ಮೇಲೆ ಎರಡು ಸಲ ಬೆರಳಾಡಿಸುತ್ತವೆ. ಒಮ್ಮೆ ಆ ಒಂದು ಗುರುತಿಗಾಗಿ, ಇನ್ನೊಮ್ಮೆ ಉಳಿದದ್ದಕ್ಕಾಗಿ.

ಮಾಮೂಲಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆ ಇದೆ. ಹಳೆಯ ಪುಸ್ತಕದ ಪುಟದ ಚಿತ್ರದಿಂದ ಅಕ್ಷರಗಳನ್ನು ಓದಿಕೊಡುವ ಟೆಸರಾಕ್ಟ್ ಎಂಬ ಪ್ರೋಗ್ರಾಮಿಗೆ ಕನ್ನಡ ಗೊತ್ತು. ಆದರೆ 'ಎಲ್' ಎಂಬ ಗುರುತಿನ ಹಿಂದೆ ಕೆ-ಎ-ಎನ್ ಎಂದು ಮೂರಕ್ಷರ ಬರೆದು ಹೇಳಬೇಕು. ಹೇಳದಿದ್ದರೆ ಅದರ ಮಾಮೂಲಿ ಇಂಗ್ಲಿಷ್. ಕನ್ನಡ ಪುಟವನ್ನೇ ಇಂಗ್ಲಿಷೆಂದು ನಂಬಿ ಓದಿ, ಸೊನ್ನೆ, ಆವರಣ, ಎಸ್ಸುಗಳ ಒಂದು ಕಸದ ರಾಶಿಯನ್ನು ವಿನಯದಿಂದ ಮುಂದಿಡುತ್ತದೆ. ಕೆ-ಎನ್ ಎಂದು ಎರಡೇ ಅಕ್ಷರ ಬರೆದರೆ ಅಂಥ ಭಾಷೆ ಸಿಗಲಿಲ್ಲ ಎನ್ನುತ್ತದೆ. ವಿಚಿತ್ರವೆಂದರೆ ಅದೇ ಕಂಪ್ಯೂಟರಿನಲ್ಲಿ ತಾರೀಖನ್ನು ಕನ್ನಡದಲ್ಲಿ ತೋರಿಸು ಎನ್ನಲು ಬೇಕಾದದ್ದು ಕೆ-ಎನ್ನೇ, ಮೂರಕ್ಷರ ನಡೆಯದು. ಕನ್ನಡಕ್ಕೆ ಎರಡಕ್ಷರದ್ದೂ ಮೂರಕ್ಷರದ್ದೂ ಅಂತಾರಾಷ್ಟ್ರೀಯ ಸಂಕೇತಗಳಿವೆ. ಯಾವ ಪ್ರೋಗ್ರಾಮಿಗೆ ಯಾವುದು ಎಂಬುದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಕೀಲಿಮಣೆಯ ರೂಢಿಕಡತದಲ್ಲಿ ನಾನು ತುಂಬ ಹೊತ್ತು ಕಳೆದದ್ದು ಒಂದು ಅಲ್ಪವಿರಾಮಕ್ಕಾಗಿ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕಡತದ ಒಂದು ಸಾಲಿನಲ್ಲಿ ಮಣೆಗಳ ಹೆಸರು: ಅಮೆರಿಕದ್ದು, ಅಲ್ಪವಿರಾಮ, ಭಾರತದ್ದು. ಮುಂದಿನ ಸಾಲಿನಲ್ಲಿ ಆ ಮಣೆಗಳ ಬಗೆ. ಅಮೆರಿಕದ್ದಕ್ಕೆ ವಿಶೇಷ ಬಗೆ ಬೇಡ, ಭಾರತದ್ದರಲ್ಲಿ ಕನ್ನಡ ಬೇಕು. ಹಾಗಾಗಿ ಎರಡನೇ ಸಾಲು ಅಲ್ಪವಿರಾಮದಿಂದಲೇ ಶುರುವಾಗಬೇಕು, ಆಮೇಲೆ ಕೆ-ಎ-ಎನ್. ಊಟದ ಪಂಕ್ತಿಯಲ್ಲಿ ಬಾರದವರಿಗೂ ಎಲೆ ಹಾಕಿ ಜಾಗ ಹಿಡಿದಂತೆ. ತಲೆಯಲ್ಲಿರುವ ಅಲ್ಪವಿರಾಮ ಕೈತಪ್ಪಿನದು ಎಂದು ಅಳಿಸಿದರೆ ಕನ್ನಡ ಹೋಗಿ ಅಮೆರಿಕದ ಮಣೆಗೆ ಅಂಟುತ್ತದೆ, ಅಲ್ಲಿ ಕನ್ನಡವೆಂಬ ಬಗೆಯೇ ಇಲ್ಲ. ಇದು ಗುರುತಿನ ಪದ್ಧತಿಯ ಹೊಟ್ಟೆಯೊಳಗೆ ಅಡಗಿ ಕೂತ 'ಸಾಗರ ತೀರ್ಥಹಳ್ಳಿ'. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ವಿನ್ಯಾಸವೂ ಇದೇ ಜಾಗದಲ್ಲಿ ಸಿಗುತ್ತದೆ. ಕೆ-ಎ-ಎನ್ ಆದಮೇಲೆ ಒಂದು ಅಡ್ಡಗೆರೆ ಎಳೆದು ಕಗಪ ಎಂದು ಸೇರಿಸಿದರಾಯಿತು. ಈ ಅಡ್ಡಗೆರೆ ಮಾತ್ರ ಗುರುತಲ್ಲ, ಬರೀ ಹೆಸರಿನ ಭಾಗ.

36 ಮತ್ತು 33

ಈಗ ಆ ಊರಿಲ್ಲದ ಊರಿಗೆ ಬರೋಣ. ರೂಢಿಕಡತದಲ್ಲಿ 'ಊರು = ರಿಪ್ಪನ್‌ಪೇಟೆ' ಎಂದು ಬರೆದಿದ್ದೆ. ಪ್ರೋಗ್ರಾಮಿನೊಳಗಿನ ಊರುಗಳ ಪಟ್ಟಿಯಲ್ಲೂ ಅದಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸಿಕ್ಕವು, ರಿಪ್ಪನ್‌ಪೇಟೆ ಸಿಗಲಿಲ್ಲ. ಮೊದಲು ಅನುಮಾನ ಬಂದದ್ದು ಬೊಮ್ ಎಂಬ ಅಡ್ಡನಾಮದ ಮೂರು ಬೈಟುಗಳ ಮೇಲೆ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡು ಯುಟಿಎಫ್-8 ಕಡತದ ನೆತ್ತಿಗೆ ಅದನ್ನು ಹಚ್ಚುತ್ತಿತ್ತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೊದಲ ಸಾಲಿನ ಗುರುತನ್ನು ಕೆಡಿಸುತ್ತದೆ. ಅದಲ್ಲ, ನನ್ನದು ಮೂರನೇ ಸಾಲು. ಸಮಚಿಹ್ನೆಯ ಆಚೀಚಿನ ಖಾಲಿಜಾಗ ಸವರಿ ಹಾಕುವುದು ಮರೆತೆನೇ? ಅದೂ ಅಲ್ಲ.

ಕೊನೆಗೆ ಬೈಟುಗಳನ್ನು ಎಣಿಸಿದೆ. ಕಡತದಲ್ಲಿದ್ದ ಹೆಸರು 36 ಬೈಟ್, ಪಟ್ಟಿಯಲ್ಲಿದ್ದದ್ದು 33.

ವೈಸರಾಯ್ ಲಾರ್ಡ್ ರಿಪ್ಪನ್ ಹೆಸರಿನಿಂದ ಊರಿಗೆ ಈ ಹೆಸರು ಬಂತೆನ್ನುತ್ತಾರೆ. ಅಚ್ಚಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಈ ಸಾಹೇಬರ ಹೆಸರು ಅರೆ 'ನ್'ನಲ್ಲಿ ಮುಗಿಯುತ್ತದೆ. ಅದಕ್ಕೆ 'ಪೇಟೆ' ಸೇರಿಸಿದ ಕೂಡಲೇ ನಮ್ಮ ಲಿಪಿ ತನ್ನ ಸ್ವಭಾವದಂತೆ ಎರಡನ್ನೂ ಒತ್ತಕ್ಷರ ಮಾಡಿ 'ರಿಪ್ಪನ್ಪೇಟೆ' ಎಂದು ಬೆಸೆಯುತ್ತದೆ. ಬೆಸೆಯಬೇಡ, ನಕಾರವನ್ನು ಅರೆಯಾಗಿಯೇ ಉಳಿಸಿ ಪೇಟೆಯನ್ನು ಬಿಡಿಯಾಗಿಡು ಎನ್ನಲು ನಡುವೆ ಕಾಣದ ಒಂದು ಸಂಕೇತ ಇಡಬೇಕು. ಅಗಲವಿಲ್ಲದ, ಶಾಯಿಯಿಲ್ಲದ, ಕೂಡಿಸದ ಗಂಟು. ತಂತ್ರಜ್ಞರು ಇದನ್ನು ಝೀರೋ ವಿಡ್ತ್ ನಾನ್ ಜಾಯಿನರ್ ಎನ್ನುತ್ತಾರೆ. ಇದಕ್ಕೂ ಮೂರು ಬೈಟು. ಹನ್ನೆರಡು ಸಂಕೇತ, ಮೂವತ್ತಾರು ಬೈಟು. ಪಟ್ಟಿ ತಯಾರಿಸುವಾಗ ನಾನು ಅದನ್ನು ಬಿಟ್ಟಿದ್ದೆ, ಕಡತ ಬರೆಯುವಾಗ ಕೀಲಿಮಣೆ ಸೇರಿಸಿತ್ತು. ಪಟ್ಟಿಯಲ್ಲಿ ಹೆಸರು ಸಣ್ಣ ಅಕ್ಷರದಲ್ಲಿತ್ತು, ಬೆಸೆದ ಒತ್ತನ್ನು ಕಣ್ಣು ತಾನಾಗಿಯೇ ಬಿಡಿಸಿ ಓದಿಕೊಂಡುಬಿಟ್ಟಿತು. ಮಣಿಗೆ ಮಣಿ ಹೋಲಿಸುವವನಿಗೆ ಆ ಔದಾರ್ಯ ಇಲ್ಲ. ಏಳನೇ ಸಂಕೇತದವರೆಗೆ ಎಲ್ಲ ಸರಿ, ಎಂಟನೆಯದರಲ್ಲಿ ಒಂದು ಕಡೆ ಕಾಣದ ಗಂಟು, ಇನ್ನೊಂದು ಕಡೆ 'ಪ'. ಬೇರೆ ಎಂದು ಹೇಳಿ ಮುಂದೆ ನಡೆಯಿತು.

ಖಾಲಿಜಾಗ ಸವರುವ ಸಲಕರಣೆಗೂ ಈ ಗಂಟು ಸಿಗುವುದಿಲ್ಲ, ಅದರ ಲೆಕ್ಕದಲ್ಲಿ ಇದು ಖಾಲಿಜಾಗವೇ ಅಲ್ಲ. ಹಾಗಾಗಿ ಕೈಯಾರೆ ಹೆಕ್ಕಬೇಕು: 226, 128, 140 ಎಂಬ ಮೂರು ಬೈಟು ಸಾಲಾಗಿ ಬಂದರೆ ದಾಟಿ ಹೋಗು. ನಾನು ಮೊದಲು ಕಡತ ಓದುವಾಗಲೇ ಗಂಟನ್ನು ಕಿತ್ತುಹಾಕಿದೆ. ಊರು ಸಿಕ್ಕಿತು, ಆದರೆ ಮುದ್ರಣಕ್ಕೆ ಬಂದ ಪ್ರತಿ ಚೀಟಿಯಲ್ಲೂ 'ರಿಪ್ಪನ್ಪೇಟೆ' ಎಂದು ಒತ್ತಕ್ಷರವಾಗಿ ಅಚ್ಚಾಯಿತು. ಈಗ ಪ್ರೋಗ್ರಾಮ್ ಹೆಸರಿನ ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಹೋಲಿಸುವುದಕ್ಕೆ 33 ಬೈಟಿನದು, ಚೀಟಿಗೆ 36ರದು.